ಹಸುಗೂಸಿನ ಹೊಟ್ಟೆಯೂ ಅದಕ್ಕೆ ಕಿವಿಗೊಡುವ ಯಂತ್ರಗಳೂ

ಕಳೆದ ವರ್ಷ ನಮ್ಮ ಶಾಲೆಯಲ್ಲಿ ತಾಯಿತಂದೆಗಳ ಕೂಟವು ನೆರೆದಿದ್ದಾಗ, ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟದ ಹಿರಿಯರೊಬ್ಬರು ನಮ್ಮ ಬಳಿಗೆ ಬಂದು, "ಅಮ್ಮನವರೇ, ನಮ್ಮ ಸೊಸೆ ನಿಮ್ಮಲ್ಲಿ ಓದಿದವಳು, ಈಗ ತುಂಬಿದ ಗರ್ಭಿಣಿ. ಹುಟ್ಟಿದ ಕೂಸಿನ ಹೊಟ್ಟೆಯ ಮೇಲೆ ಅಂಟಿಸಿದರೆ ಅದರ ಜೀರ್ಣದ ಸಮಾಚಾರವನ್ನೆಲ್ಲ ಹೇಳುವ ಯಂತ್ರವು ಬಂದಿದೆಯೆಂದು ಬೆಂಗಳೂರಿನಲ್ಲಿರುವ ಮಗನು ಹೇಳುತ್ತಾನೆ. ಅದನ್ನು ತರಿಸಬೇಕೋ ಬೇಡವೋ?" ಎಂದು ಕೇಳಿದರು. ಆ ಗದ್ದಲದಲ್ಲಿ ನಾವು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ತಿಳಿಯದ ವಿಷಯವನ್ನು ತಿಳಿದವರಂತೆ ಹೇಳುವುದು ಉಪಾಧ್ಯಾಯರಿಗೆ ತಕ್ಕದ್ದಲ್ಲವಷ್ಟೆ. ಆ ಮೇಲೆ ಓದಿಯೂ, ಬಲ್ಲ ವೈದ್ಯರನ್ನು ಕೇಳಿಯೂ ತಿಳಿದುಕೊಂಡದ್ದನ್ನು ಈ ಸ್ಮರಣ ಸಂಚಿಕೆಯ ಮೂಲಕ ಅವರಿಗೂ, ಅವರಂತೆ ಯೋಚಿಸುತ್ತಿರುವ ಇತರರಿಗೂ ಅರಿಕೆ ಮಾಡುತ್ತೇವೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಗೃಹಿಣಿಯರಾಗಿಯೂ ತಾಯಂದಿರಾಗಿಯೂ ಇದ್ದಾರೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಒಂದು ಕಡೆ ಸೂಳೆಕೆರೆಯ ನೀರು, ಒಂದು ಕಡೆ ತುಂಗಭದ್ರೆಯ ದಡ, ಇನ್ನೊಂದು ಕಡೆ ಮಳೆಗಾಗಿ ಮುಗಿಲನ್ನು ನೋಡುವ ಜಗಳೂರಿನ ಒಣ ಸೀಮೆ. ನೆಲವು ಬೇರೆ ಬೇರೆಯಾದರೂ ಒಂದು ಸಂಗತಿಯು ಎಲ್ಲ ಕಡೆಗೂ ಸಮಾನವಾಗಿದೆ. ಹಸುಗೂಸಿಗೆ ರಾತ್ರಿಯಲ್ಲಿ ಹೊಟ್ಟೆಯುಬ್ಬರ ಬಂದರೆ ದೊಡ್ಡ ಆಸ್ಪತ್ರೆಯು ದೂರ. ಮನೆಯ ಹಿರಿಯರ ಮಾತು ಹತ್ತಿರ. ಇವೆರಡರ ನಡುವೆ ಎಳೆಯ ತಾಯಿಯು ಏನನ್ನು ನೋಡಬೇಕು, ಯಾವಾಗ ಬಾಯಿ ತೆರೆದು ಮಾತಾಡಬೇಕು ಎಂಬುದೇ ಈ ಲೇಖನದ ಮುಖ್ಯ ವಿಷಯವು.

ಮೈಮೇಲೆ ಧರಿಸುವ ಸಂವೇದಕವೆಂದರೆ ನಮಗೆ ಏನೋ ಹೊಸದೆಂದು ತೋರುತ್ತದೆ. ಆದರೆ ವಿಚಾರಿಸಿ ನೋಡಿದರೆ, ನಮ್ಮ ಸೀಮೆಯ ಮುದುಕಿಯರು ಕೂಸಿನ ನಡುವಿಗೆ ಕಟ್ಟುವ ಉಡಿದಾರವು ಒಂದು ಬಗೆಯಲ್ಲಿ ಅದೇ ಕೆಲಸವನ್ನು ಮಾಡುತ್ತಿತ್ತು. ಕೂಸಿಗೆ ನೀರೆರೆಯುವಾಗ ಅಜ್ಜಿಯು ದಾರದೊಳಗೆ ಬೆರಳನ್ನು ತೂರಿಸಿ, ಸಡಿಲವಾಗಿದ್ದರೆ ಕೂಸು ಸೊರಗಿತೆಂದೂ, ದಿನದಿನಕ್ಕೆ ಮೆಲ್ಲನೆ ಬಿಗಿಯಾಗುತ್ತ ಬಂದರೆ ಮೈತುಂಬಿತೆಂದೂ, ಒಂದೇ ರಾತ್ರಿಯಲ್ಲಿ ಬಿಗಿದುಕೊಂಡರೆ ಹೊಟ್ಟೆಯುಬ್ಬಿತೆಂದೂ ಹೇಳುತ್ತಿದ್ದಳು. ದಾರದಲ್ಲಿ ರಕ್ಷೆಯ ಶಕ್ತಿಯುಂಟೆಂದು ನಾವು ನಂಬುವುದಿಲ್ಲ. ಆದರೆ ಪ್ರತಿದಿನವೂ ಒಂದೇ ಕೈ, ಒಂದೇ ಅಳತೆಯಿಂದ, ಒಂದೇ ಮಗುವನ್ನು ಪರೀಕ್ಷಿಸುವುದರಲ್ಲಿ ವಿವೇಕವುಂಟು. ಆಸ್ಪತ್ರೆಗಳಲ್ಲಿಯೂ ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಹೊಟ್ಟೆಯ ಸುತ್ತಳತೆಯನ್ನು ದಾದಿಯರು ಪಟ್ಟಿಯಿಂದ ಅಳೆದು ಬರೆದಿಡುವುದುಂಟು.

ಇನ್ನು ಹುಟ್ಟಿದ ಶಿಶುವಿನ ಜೀರ್ಣಾಂಗಗಳ ಕೆಲಸವನ್ನು ಸ್ವಲ್ಪ ತಿಳಿಯೋಣ. ಗರ್ಭದಲ್ಲಿರುವಾಗ ಶಿಶುವಿಗೆ ಆಹಾರವು ಹೊಕ್ಕುಳ ಬಳ್ಳಿಯ ಮೂಲಕ ಬರುವುದರಿಂದ ಕರುಳಿಗೆ ಹೆಚ್ಚು ಕೆಲಸವಿಲ್ಲ. ಹುಟ್ಟಿದೊಡನೆ ಮೊದಲನೆಯ ಅಳುವಿನೊಂದಿಗೆ ಶಿಶುವು ಗಾಳಿಯನ್ನು ನುಂಗುತ್ತದೆ; ಆ ಗಾಳಿಯು ಜಠರದಿಂದ ಹೊರಟು ಸುಮಾರು ಒಂದು ದಿನದೊಳಗೆ ಕರುಳಿನ ಕೊನೆಯನ್ನು ಮುಟ್ಟುತ್ತದೆ. ಕರುಳಿನ ಗೋಡೆಯಲ್ಲಿರುವ ಸ್ನಾಯುಗಳು ಅಲೆಯಲೆಯಾಗಿ ಮುದುರಿ ಒಳಗಿನ ವಸ್ತುವನ್ನು ಮುಂದಕ್ಕೆ ನೂಕುವುವು. ಗರ್ಭದಲ್ಲಿರುವಾಗಲೇ ಕೂಡಿಕೊಂಡಿದ್ದ ಕಪ್ಪು ಹಸಿರಿನ ಅಂಟುಮಲವು ಹೀಗೆ ಹೊರಬೀಳುವುದು. ತಿಂಗಳು ತುಂಬಿ ಹುಟ್ಟಿದ ಶಿಶುಗಳಲ್ಲಿ ಬಹುತೇಕ ಎಲ್ಲವೂ ೨೪ ಗಂಟೆಗಳೊಳಗೆ, ತಡವಾದರೂ ೪೮ ಗಂಟೆಗಳೊಳಗೆ, ಈ ಮಲವನ್ನು ವಿಸರ್ಜಿಸುತ್ತವೆ. ಎದೆಹಾಲು ಚೆನ್ನಾಗಿ ಸಿಕ್ಕಿದ ಮೇಲೆ ಮಲವು ಹಸಿರು ಬಣ್ಣಕ್ಕೆ ತಿರುಗಿ, ಸುಮಾರು ಐದನೆಯ ದಿನಕ್ಕೆ ಹಳದಿಯಾಗುತ್ತದೆ.

ಗಾಳಿಯೂ ದ್ರವವೂ ಕೂಡಿ ಕರುಳಿನಲ್ಲಿ ನುಸುಳುವಾಗ ಗುಳುಗುಳು ಶಬ್ದವುಂಟಾಗುತ್ತದೆ. ಫ್ರಾನ್ಸ್ ದೇಶದ ಲೆನೆಕ್ ಎಂಬ ವೈದ್ಯರು ೧೮೧೬ರಲ್ಲಿ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದಂದಿನಿಂದ ಸ್ಟೆತಾಸ್ಕೋಪು ಬಳಕೆಗೆ ಬಂತು. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿಗಳು ಜಠರ ಮತ್ತು ಕರುಳುಗಳ ಶಬ್ದಗಳನ್ನು ಕ್ರಮವಾಗಿ ಆಲಿಸಿ ೧೯೦೫ರಲ್ಲಿ ಪ್ರಕಟಿಸಿದರು. ಕರುಳು ಸದ್ದಿಲ್ಲದೆ ಸ್ತಬ್ಧವಾಗಿದ್ದರೆ ಅದರ ಸ್ನಾಯುಗಳು ಕೆಲಸವನ್ನು ನಿಲ್ಲಿಸಿರಬಹುದೆಂದೂ, ಕಿಣಿಕಿಣಿಯೆಂಬ ಸೂಕ್ಷ್ಮ ಸದ್ದು ಕೇಳಿದರೆ ಎಲ್ಲಿಯೋ ಅಡ್ಡಿಯಿರಬಹುದೆಂದೂ ವೈದ್ಯರು ಊಹಿಸುವರು. ಆದರೆ ಈ ಪರೀಕ್ಷೆಗೆ ಒಂದು ದೊಡ್ಡ ಕೊರತೆಯುಂಟು. ವೈದ್ಯರು ಸ್ಟೆತಾಸ್ಕೋಪನ್ನು ಇಡುವುದು ಒಂದೆರಡು ನಿಮಿಷ ಮಾತ್ರ. ಕರುಳಾದರೋ ಕೆಲವು ವೇಳೆ ಸುಮ್ಮನಿದ್ದು ಕೆಲವು ವೇಳೆ ಮಾತಾಡುತ್ತದೆ. ಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಆ ಮನೆಯವರ ಸಂಸಾರವೆಲ್ಲ ತಿಳಿಯಿತೆಂದರೆ ಹೇಗೋ ಹಾಗೆಯೇ ಇದು. ಅಲ್ಲದೆ ಕೇಳಿದ ಸದ್ದನ್ನು ಒಬ್ಬ ವೈದ್ಯರು ಒಂದು ವಿಧವಾಗಿಯೂ ಮತ್ತೊಬ್ಬರು ಇನ್ನೊಂದು ವಿಧವಾಗಿಯೂ ಅರ್ಥಮಾಡುವುದುಂಟು.

ಈ ಕೊರತೆಯನ್ನು ತುಂಬುವುದಕ್ಕಾಗಿ ವಿಜ್ಞಾನಿಗಳು ಮೂರು ದಾರಿಗಳನ್ನು ಹಿಡಿದಿದ್ದಾರೆ. ಮೊದಲನೆಯದು ವಿದ್ಯುತ್ತಿನ ದಾರಿ. ಜಠರದ ಸ್ನಾಯುಗಳಲ್ಲಿ ನಿಮಿಷಕ್ಕೆ ಸುಮಾರು ಮೂರು ಸಲ ಸಣ್ಣ ವಿದ್ಯುತ್ತಿನ ಅಲೆಯು ಎದ್ದು ಹರಿಯುತ್ತದೆ. ಇದನ್ನು ಹೊಟ್ಟೆಯ ಚರ್ಮದ ಮೇಲಿಂದಲೇ ದಾಖಲೆ ಮಾಡಬಹುದೆಂದು ಆಲ್ವಾರೆಜ್ ಎಂಬ ವೈದ್ಯರು ೧೯೨೨ರಲ್ಲಿ ತೋರಿಸಿದರು. ಎರಡನೆಯದು ಬೆಳಕಿನ ದಾರಿ. ಕಣ್ಣಿಗೆ ಕಾಣದ, ಕೆಂಪಿಗೆ ಸಮೀಪವಾದ ಕಿರಣಗಳನ್ನು ಶಿಶುವಿನ ಹೊಟ್ಟೆಯ ಮೇಲೆ ಹಾಯಿಸಿ, ತಿರುಗಿ ಬಂದ ಬೆಳಕಿನಿಂದ ಒಳಗಿನ ಅಂಗಗಳಿಗೆ ಆಮ್ಲಜನಕವು ಸಾಕಷ್ಟು ಸಿಕ್ಕುತ್ತಿದೆಯೇ ಎಂದು ಅಂದಾಜು ಮಾಡುವರು. ಮೂರನೆಯದು ಶಬ್ದದ ದಾರಿ. ಈಚೆಗೆ ಹೆಚ್ಚು ಮುಂದುವರಿದಿರುವುದು ಇದೇ.

ಅಮೆರಿಕದ ಶಿಕಾಗೋ ಪಟ್ಟಣದ ಸಮೀಪದಲ್ಲಿರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಜಾನ್ ರಾಜರ್ಸ್ ಎಂಬವರೂ ಅವರ ಸಂಗಡಿಗರೂ ೨೦೧೯ರಲ್ಲಿ, ತಂತಿಗಳಿಲ್ಲದೆ ಶಿಶುವಿನ ಎದೆಗೊಂದು ಪಾದಕ್ಕೊಂದು ಮೆತ್ತಗೆ ಅಂಟುವ ಎರಡು ಪಟ್ಟಿಗಳನ್ನು ಪ್ರಕಟಪಡಿಸಿದರು. ಹೃದಯದ ಬಡಿತ, ಉಸಿರು, ಮೈಶಾಖ, ರಕ್ತದ ಆಮ್ಲಜನಕ ಇವುಗಳನ್ನು ಅವು ತಿಳಿಸುತ್ತಿದ್ದವು. ಅದಕ್ಕೆ ಮುಂಚೆ ತೀವ್ರ ನಿಗಾ ಕೊಠಡಿಯಲ್ಲಿ ಮಲಗಿದ ಶಿಶುವಿನ ಮೈಗೆಲ್ಲ ತಂತಿಗಳು ತೊಡರಿಕೊಂಡಿದ್ದು, ಹೆತ್ತ ತಾಯಿಯು ಅದನ್ನು ಎತ್ತಿಕೊಳ್ಳುವುದಕ್ಕೂ ಅಂಜುತ್ತಿದ್ದಳು. ಅದೇ ಪಂಡಿತರ ಗುಂಪು ೨೦೨೩ನೆಯ ನವೆಂಬರಿನಲ್ಲಿ ಶಬ್ದವನ್ನು ಕೇಳುವ ಪಟ್ಟಿಯೊಂದನ್ನು ಪ್ರಕಟಿಸಿತು. ಅದರ ಉದ್ದ ೪೦ ಮಿಲಿಮೀಟರು, ಅಗಲ ೨೦, ದಪ್ಪ ೮; ಮೇಲೆ ಮೆತ್ತನೆಯ ಸಿಲಿಕೋನಿನ ಹೊದಿಕೆ. ಒಳಗೆ ಎರಡು ಮೈಕ್ರೋಫೋನುಗಳಿದ್ದು, ಒಂದು ಮೈಯ ಕಡೆಗೂ ಇನ್ನೊಂದು ಹೊರಗಡೆಗೂ ಮುಖ ಮಾಡಿರುತ್ತದೆ. ಹೊರಗಿನದು ಕೊಠಡಿಯ ಗದ್ದಲವನ್ನೂ ಅಳುವನ್ನೂ ಕೇಳುತ್ತದೆ; ಒಳಗಿನದು ಮೈಯ ಸದ್ದನ್ನು ಕೇಳುತ್ತದೆ; ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಕರುಳಿನ ಅಥವಾ ಶ್ವಾಸಕೋಶದ ಮಾತು. ಹೊಟ್ಟೆಯ ನಾಲ್ಕು ಭಾಗಗಳಲ್ಲಿ ನಾಲ್ಕು ಪಟ್ಟಿಗಳನ್ನು ಇಟ್ಟರೆ ಎಲ್ಲಿ ಸದ್ದು ಉಂಟು, ಎಲ್ಲಿ ಇಲ್ಲ ಎಂಬುದೂ ತಿಳಿಯುತ್ತದೆ. ಇವು ಕೂಡಿಸಿದ ಸುದ್ದಿಯು ಬ್ಲೂಟೂತಿನ ಮೂಲಕ ಹತ್ತಿರದ ಯಂತ್ರಕ್ಕೆ ಹೋಗುವುದು. ಕೆನಡಾ ದೇಶದ ಮಾಂಟ್ರಿಯಲ್ ಮಕ್ಕಳ ಆಸ್ಪತ್ರೆಯ ವೈದ್ಯರೂ ಈ ಕೆಲಸದಲ್ಲಿ ಸೇರಿದ್ದರು.

ಇಷ್ಟು ಶ್ರಮ ಏತಕ್ಕೆಂದರೆ, ತಿಂಗಳು ತುಂಬದ ಶಿಶುಗಳಿಗಾಗಿ. ಅವುಗಳ ಕರುಳು ಬಲಿತಿರುವುದಿಲ್ಲ. ಕೆಲವು ಶಿಶುಗಳಲ್ಲಿ ಕರುಳಿನ ಗೋಡೆಯು ಬಾತು, ಅಲ್ಲಲ್ಲಿ ಸತ್ತು, ತೂತು ಬೀಳುವ ಭಯಂಕರವಾದ ರೋಗವೊಂದು ತಲೆದೋರುವುದುಂಟು. ಅದು ಹೆಚ್ಚಾದ ಮೇಲೆ ಶಸ್ತ್ರಚಿಕಿತ್ಸೆಯಿಂದಲೂ ಎಲ್ಲ ಮಕ್ಕಳನ್ನೂ ಉಳಿಸಲಾಗದು. ಸದ್ದು ಕಡಿಮೆಯಾಗುತ್ತಿದೆಯೆಂದು ಯಂತ್ರವು ಮುಂಚಿತವಾಗಿ ತಿಳಿಸಿದರೆ ವೈದ್ಯರು ಎಚ್ಚರಗೊಳ್ಳಬಹುದೆಂಬುದು ಆಶೆ. ಆದರೆ ಇದು ಈಗಲೂ ಆಶೆಯೇ ಹೊರತು ಸಿದ್ಧವಾದ ಸಂಗತಿಯಲ್ಲ. ೨೦೨೩ರ ಆ ವರದಿಯಲ್ಲಿ ಪರೀಕ್ಷಿಸಲ್ಪಟ್ಟ ಅಕಾಲ ಶಿಶುಗಳು ೧೫ ಮಾತ್ರ. ಯಂತ್ರವು ಸದ್ದನ್ನು ಚೆನ್ನಾಗಿ ಕೇಳುತ್ತದೆಂಬುದು ಒಂದು. ಆ ಸದ್ದಿನಿಂದ ರೋಗವನ್ನು ತಪ್ಪದೆ ಗುರುತಿಸಿ ಮಗುವನ್ನು ಉಳಿಸುತ್ತದೆಂಬುದು ಇನ್ನೊಂದು. ಎರಡನೆಯದಕ್ಕೆ ಬಹಳ ಮಕ್ಕಳನ್ನು ಬಹಳ ಕಾಲ ನೋಡಬೇಕು. ಈ ಭೇದವನ್ನು ಮರೆತು ಪತ್ರಿಕೆಯ ತಲೆಬರಹವನ್ನು ನೋಡಿದ ಮಾತ್ರಕ್ಕೆ ಹಣದ ಚೀಲವನ್ನು ಬಿಚ್ಚಬಾರದು.

ನಮ್ಮ ನಾಡಿನಲ್ಲಿ ಇಂಥ ಪ್ರಯತ್ನಗಳು ನಡೆದಿಲ್ಲವೆಂದು ತಿಳಿಯಬೇಡಿರಿ. ಬೆಂಗಳೂರಿನ ಬೆಂಪು ಎಂಬ ಸಂಸ್ಥೆಯವರು ಶಿಶುವಿನ ಮುಂಗೈಗೆ ಕಟ್ಟುವ ಬಳೆಯೊಂದನ್ನು ಮಾಡಿದರು. ಮೈ ಬೆಚ್ಚಗಿದ್ದರೆ ನೀಲಿಯ ಬೆಳಕು ಮಿನುಗುವುದು. ಮೈ ತಣ್ಣಗಾದರೆ ಕಿತ್ತಳೆಯ ಬೆಳಕಿನೊಂದಿಗೆ ಸದ್ದು ಮಾಡಿ ತಾಯಿಯನ್ನು ಎಬ್ಬಿಸುವುದು. ಅಮೆರಿಕದ ಟೈಮ್ ಪತ್ರಿಕೆಯು ೨೦೧೭ರಲ್ಲಿ ಅದನ್ನು ಆ ವರ್ಷದ ಉತ್ತಮ ಆವಿಷ್ಕಾರಗಳಲ್ಲಿ ಎಣಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಕೂಡಿ, ಶಿಶುವಿನ ಮೈಶಾಖವನ್ನು ದೂರದಿಂದ ತಿಳಿಯುವ ಸಣ್ಣ ಉಪಕರಣವನ್ನು ರಚಿಸಿ ೨೦೧೪ರಲ್ಲಿ ವಿವರಿಸಿದರು. ಇವು ಹೊಟ್ಟೆಯ ಯಂತ್ರಗಳಲ್ಲ, ಶಾಖದ ಯಂತ್ರಗಳು. ಆದರೂ ಹೊಟ್ಟೆಗೂ ಶಾಖಕ್ಕೂ ನಂಟುಂಟು. ಯಾಕಂದರೆ ತಣ್ಣಗಾದ ಕೂಸು ಮಂಕಾಗಿ ಮೊಲೆಯನ್ನು ಚೀಪದು. ಚೀಪದಿದ್ದರೆ ಇನ್ನೂ ತಣ್ಣಗಾಗುವುದು. ಈ ಸುಳಿಯನ್ನು ಮುರಿಯಲು ಎಲ್ಲಕ್ಕಿಂತ ಅಗ್ಗವಾದ ಸಾಧನವು ತಾಯಿಯ ಎದೆಯೇ. ಸಣ್ಣ ಶಿಶುವನ್ನು ತಾಯಿಯ ಬರಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯು ದಕ್ಷಿಣ ಅಮೆರಿಕದ ಬೊಗೊಟಾ ಪಟ್ಟಣದಲ್ಲಿ ೧೯೭೦ರ ದಶಕದ ಕೊನೆಯಲ್ಲಿ ಆರಂಭವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರಕಾರದವರೊಡನೆ ಸೇಂಟ್ ಜಾನ್ಸ್ ಸಂಶೋಧಕರು ಅದನ್ನು ಹಳ್ಳಿಯ ತಾಯಂದಿರವರೆಗೂ ಮುಟ್ಟಿಸಿ ತೋರಿಸಿದ್ದಾರೆ.

ಹೀಗಿರಲಾಗಿ, ಚನ್ನಗಿರಿಯ ಹಿರಿಯರಿಗೆ ನಮ್ಮ ಉತ್ತರವೇನಂದರೆ: ತಿಂಗಳು ತುಂಬಿ, ಆರೋಗ್ಯವಾಗಿ ಹುಟ್ಟಿದ ಮೊಮ್ಮಗುವಿಗೆ ಈ ಯಂತ್ರವು ಬೇಡ. ಅದು ಆಸ್ಪತ್ರೆಯ ನಿಗಾ ಕೊಠಡಿಗಾಗಿ, ಅದನ್ನು ಓದಬಲ್ಲ ದಾದಿಯರಿಗಾಗಿ ಹುಟ್ಟಿದ ವಸ್ತುವು. ಮನೆಯಲ್ಲಿ ಅದರಿಂದ ಎರಡು ಕೇಡುಗಳುಂಟು. ಸುಮ್ಮಸುಮ್ಮನೆ ಕೂಗಿದರೆ ಬಾಣಂತಿಗೆ ನಿದ್ರೆಯೂ ನೆಮ್ಮದಿಯೂ ಹೋಗುವುವು. ಕೂಗಬೇಕಾದಾಗ ಸುಮ್ಮನಿದ್ದರೆ, "ಯಂತ್ರವೇ ಸುಮ್ಮನಿದೆ, ಭಯವಿಲ್ಲ" ಎಂದು ಮನೆಯವರು ಕೂಸಿನ ಮುಖವನ್ನು ನೋಡುವುದನ್ನೇ ಬಿಡುವರು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಕೆಟ್ಟದ್ದು.

ಹಾಗಾದರೆ ಮನೆಯಲ್ಲಿ ನೋಡತಕ್ಕವು ಯಾವುವು? ನಮ್ಮ ಹೆಣ್ಣುಮಕ್ಕಳು ಇವನ್ನು ಬಾಯಿಪಾಠ ಮಾಡಿಕೊಳ್ಳಲಿ.

೧. ಹುಟ್ಟಿದ ೨೪ ಗಂಟೆಗಳೊಳಗೆ ಕಪ್ಪು ಮಲವು ಹೋಗದಿದ್ದರೆ ವೈದ್ಯರಿಗೆ ತಿಳಿಸಬೇಕು. ಕರುಳಿನ ಕೊನೆಯ ಭಾಗಕ್ಕೆ ನರಗಳಿಲ್ಲದೆ ಹುಟ್ಟುವ ಶಿಶುಗಳುಂಟು. ಸುಮಾರು ೫,೦೦೦ಕ್ಕೆ ಒಂದು. ಅವುಗಳಿಗೆ ಇದೇ ಮೊದಲನೆಯ ಗುರುತು.

೨. ಹಾಲು ಕುಡಿದ ಮೇಲೆ ಸ್ವಲ್ಪ ಕಕ್ಕುವುದು ಸಹಜ. ಆದರೆ ಹಸಿರು ಬಣ್ಣದ ವಾಂತಿಯು ಎಂದಿಗೂ ಸಹಜವಲ್ಲ. ಕರುಳು ತಿರುಚಿಕೊಂಡಿದ್ದರೆ ಅದಕ್ಕೆ ರಕ್ತವು ನಿಂತು ಕೆಲವೇ ಗಂಟೆಗಳಲ್ಲಿ ಸಾಯುವುದು. ಹಸಿರು ವಾಂತಿಯನ್ನು ಕಂಡರೆ ಬೆಳಗಾಗಲೆಂದು ಕಾಯಬಾರದು.

೩. ಹೊಟ್ಟೆಯು ಉಬ್ಬಿ, ಗಟ್ಟಿಯಾಗಿ, ಮುಟ್ಟಿದರೆ ಕೂಸು ಚೀರುವುದು. ಮಲದಲ್ಲಿ ರಕ್ತ ಕಾಣುವುದು. ಹಾಲನ್ನು ಒಲ್ಲದೆ ಮಂಕಾಗಿ ಬಿದ್ದಿರುವುದು. ಮೈ ಸುಡುವುದು ಇಲ್ಲವೆ ತಣ್ಣಗಾಗುವುದು. ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಹೊರಡಬೇಕು.

೪. ಮೂರರಿಂದ ಆರನೆಯ ವಾರದಲ್ಲಿ, ಕುಡಿದ ಹಾಲನ್ನೆಲ್ಲ ಚಿಮ್ಮಿದಂತೆ ದೂರಕ್ಕೆ ಕಕ್ಕಿ ಮತ್ತೆ ಹಸಿವಿನಿಂದ ಅಳುವ ಕೂಸಿಗೆ ಜಠರದ ಬಾಯಿ ಕಿರಿದಾಗಿರಬಹುದು. ಶಸ್ತ್ರಚಿಕಿತ್ಸೆಯಿಂದ ಇದು ಪೂರ್ಣವಾಗಿ ಗುಣವಾಗುವುದು.

೫. ಐದನೆಯ ದಿನದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು. ಹಾಲು ಸಾಕಾಗುತ್ತಿದೆಯೆಂಬುದಕ್ಕೆ ಇದೂ, ತೂಕ ಏರುವುದೂ ಸಾಕ್ಷಿ. ಎದೆಹಾಲು ಕುಡಿಯುವ ಕೂಸು ದಿನಕ್ಕೆ ಹಲವು ಸಲ ಮಲ ಮಾಡಿದರೂ, ತಿಂಗಳು ಕಳೆದ ಮೇಲೆ ಕೆಲವು ದಿನಗಳಿಗೊಮ್ಮೆ ಮಾಡಿದರೂ, ಮಲವು ಮೆತ್ತಗಿದ್ದು ಕೂಸು ಗೆಲುವಾಗಿದ್ದರೆ ಅಂಜಬೇಕಾಗಿಲ್ಲ.

೬. ಎರಡು ವಾರಗಳಾದರೂ ಕಾಮಾಲೆಯು ಇಳಿಯದೆ, ಮಲವು ಸುಣ್ಣದಂತೆ ಬೆಳ್ಳಗೆ ಇಲ್ಲವೆ ಬೂದುಬಣ್ಣವಾಗಿದ್ದರೆ ಪಿತ್ತನಾಳವು ಮುಚ್ಚಿರಬಹುದು. ಜಪಾನಿನ ಕಸಾಯಿ ಎಂಬ ವೈದ್ಯರು ಕಂಡುಹಿಡಿದ ಶಸ್ತ್ರಚಿಕಿತ್ಸೆಯನ್ನು ಸುಮಾರು ೬೦ ದಿನಗಳೊಳಗೆ ಮಾಡಿದರೆ ಫಲವು ಹೆಚ್ಚು. ತಡವಾದಷ್ಟೂ ಪಿತ್ತಕೋಶವಲ್ಲದೆ ಯಕೃತ್ತೇ ಕೆಡುವುದು.

ಈ ಆರನೆಯ ಗುರುತಿನ ವಿಷಯದಲ್ಲಿ ಒಂದು ಮಾತು. ತೈವಾನ್ ದೇಶದಲ್ಲಿ ೨೦೦೪ರಿಂದ ಎಲ್ಲ ತಾಯಂದಿರಿಗೂ ಮಲದ ಬಣ್ಣಗಳನ್ನು ಅಚ್ಚುಹಾಕಿದ ಕಾಗದದ ಚೀಟಿಯನ್ನು ಕೊಡಲಾರಂಭಿಸಿದರು. ತಾಯಿಯು ಕೂಸಿನ ಮಲವನ್ನು ಅದಕ್ಕೆ ಹೋಲಿಸಿ ನೋಡುವಳು, ಅಷ್ಟೇ. ಅದರಿಂದ ರೋಗವು ಬೇಗ ಪತ್ತೆಯಾಗುವುದು ಹೆಚ್ಚಿತು. ವಿದ್ಯುತ್ತಿಲ್ಲ, ತಂತಿಯಿಲ್ಲ, ಒಂದು ಕಾಗದ, ಎರಡು ಕಣ್ಣು, ಓದು ಬಲ್ಲ ಒಬ್ಬ ತಾಯಿ. ಯಂತ್ರವೆಂದರೆ ಯಾವಾಗಲೂ ಬೆಲೆಯುಳ್ಳದ್ದೇ ಆಗಿರಬೇಕಾಗಿಲ್ಲವೆಂಬುದು ಇದರಿಂದ ತಿಳಿಯುವುದು.

ಮಾಡಬಾರದವುಗಳನ್ನೂ ಹೇಳಲೇಬೇಕು. ಹುಟ್ಟಿದ ಕೂಸಿಗೆ ಸಕ್ಕರೆ ನೀರು, ಹರಳೆಣ್ಣೆ, ಜೇನುತುಪ್ಪ, ತೇಯ್ದ ಬಜೆ, ಗ್ರೈಪ್ ವಾಟರ್ ಇವು ಯಾವುವೂ ಬೇಕಾಗಿಲ್ಲ. ಜೇನುತುಪ್ಪವಂತೂ ಒಂದು ವರ್ಷ ತುಂಬುವ ತನಕ ಕೂಡದು. ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿಯ ಬೀಜವು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನು ಹುಟ್ಟಿಸೀತು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಮೊದಲ ಹಳದಿ ಹಾಲನ್ನು ಚೆಲ್ಲದೆ ಕುಡಿಸಿ, ಆರು ತಿಂಗಳ ತನಕ ಎದೆಹಾಲನ್ನು ಮಾತ್ರ ಕೊಡತಕ್ಕದ್ದು. ಮೇಲೆ ಹೇಳಿದ ಕರುಳಿನ ಭಯಂಕರ ರೋಗವೂ ತಾಯಿಯ ಹಾಲನ್ನು ಕುಡಿದ ಅಕಾಲ ಶಿಶುಗಳಿಗೆ ಕಡಿಮೆಯಾಗಿ ತಗಲುವುದೆಂದು ಕಂಡುಬಂದಿದೆ. ಹೊಟ್ಟೆಯುಬ್ಬಿದ ಕೂಸಿಗೆ ಬರೆ ಹಾಕುವ ಕ್ರೂರ ಪದ್ಧತಿಯು ನಮ್ಮ ನಾಡಿನಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲವೆಂಬುದನ್ನು ನೆನೆದರೆ ನಮ್ಮ ಹೃದಯವು ಕುಗ್ಗುತ್ತದೆ. ಸುಟ್ಟ ಗಾಯದಿಂದ ನಂಜೇರುವುದೇ ಹೊರತು ತಿರುಚಿದ ಕರುಳು ನೆಟ್ಟಗಾಗದು.

ಸಹಾಯವು ಇಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ಆಶಾ ಕಾರ್ಯಕರ್ತೆಯು ಹೆರಿಗೆಯಾದ ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಮನೆಗೆ ಬಂದು ಕೂಸನ್ನು ನೋಡಬೇಕೆಂಬ ಏರ್ಪಾಡುಂಟು. ಆಕೆಯನ್ನು ಹೊಸ್ತಿಲಲ್ಲಿಯೇ ಮಾತಾಡಿಸಿ ಕಳುಹಿಸದೆ, ಒಳಗೆ ಕರೆದು ಕೂಸಿನ ಬಟ್ಟೆ ಬಿಚ್ಚಿ ತೋರಿಸಿರಿ. ೧೦೮ಕ್ಕೆ ಕರೆ ಮಾಡಿದರೆ ವಾಹನವು ಬರುವುದು. ಸರಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯಾದ ಹಸುಗೂಸಿನ ಚಿಕಿತ್ಸೆಗೂ ಸಾಗಾಟಕ್ಕೂ ಹಣ ಕೊಡಬೇಕಾಗಿಲ್ಲವೆಂಬ ಯೋಜನೆಯು ೨೦೧೧ರಿಂದ ಇದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇವೆ. ನ್ಯಾಮತಿಯ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯು ಸಮೀಪ. ದಾರಿಯಲ್ಲಿ ಕೂಸನ್ನು ಎದೆಗೊತ್ತಿ ಬೆಚ್ಚಗಿಟ್ಟುಕೊಂಡು ಹೋಗಬೇಕು. ಹಸಿರಾಗಿ ವಾಂತಿ ಮಾಡುವ ಕೂಸಿಗೆ ವೈದ್ಯರು ಹೇಳುವ ತನಕ ಬಾಯಿಗೆ ಏನನ್ನೂ ಹಾಕಬಾರದು.

ಕೊನೆಗೆ ಒಂದು ಸಂಗತಿಯನ್ನು ತಿಳಿಸಿ ಮುಗಿಸುತ್ತೇವೆ. ಜಗಳೂರು ತಾಲ್ಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಕೆಳಗೆ ಗಂಡುಮಗುವನ್ನು ಹೆತ್ತಳು. ಮೂರನೆಯ ದಿನದ ರಾತ್ರಿ ಕೂಸು ಹಸಿರಾಗಿ ಕಕ್ಕಿತು. ದೃಷ್ಟಿಯಾಗಿದೆ, ನಿವಾಳಿಸಿ ಹರಳೆಣ್ಣೆ ನೆಕ್ಕಿಸಿದರೆ ಸರಿಹೋಗುವುದೆಂದು ಮನೆಯ ಹಿರಿಯರು ಅಂದರು. ಅತ್ತೆಯವರ ಎದುರಿಗೆ ಎಂದೂ ದನಿಯೆತ್ತದ ಆ ಹುಡುಗಿಯು ಅಂದು, "ಅತ್ತೆಮ್ಮಾ, ನಿವಾಳಿಸುವುದನ್ನು ಬೇಕಾದರೆ ಗಾಡಿಯಲ್ಲಿ ಕೂತು ಮಾಡಿರಿ, ಎಣ್ಣೆ ಮಾತ್ರ ಬೇಡ, ಈಗಲೇ ದಾವಣಗೆರೆಗೆ ಹೋಗಬೇಕು" ಎಂದಳಂತೆ. ಅತ್ತೆಯವರೂ ಒಳ್ಳೆಯವರು, ಸಿಟ್ಟಾಗದೆ ತಾವೇ ಮೊದಲು ಗಾಡಿ ಹತ್ತಿದರು. ತಿರುಚಿದ ಕರುಳನ್ನು ವೈದ್ಯರು ಆ ಬೆಳಗಿನ ಜಾವವೇ ಬಿಡಿಸಿದರು. ಕಳೆದ ಜೂನಿನಲ್ಲಿ ಆ ಹುಡುಗನು ಒಂದನೆಯ ತರಗತಿಗೆ ಸೇರಿದನೆಂದು ತಾಯಿಯು ನಮಗೆ ಬರೆದಿದ್ದಾಳೆ. "ಆರೋಗ್ಯಶಾಸ್ತ್ರದ ಪಾಠದಲ್ಲಿ ನೀವು ಹೇಳಿದ್ದು ನೆನಪಿಗೆ ಬಂತು" ಎಂದೂ ಬರೆದಿದ್ದಾಳೆ. ಆ ಪಾಠವನ್ನು ಹೇಳಿದ್ದು ನಮಗೇ ನೆನಪಿಲ್ಲ.

ಆ ರಾತ್ರಿ ಆ ಮನೆಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಇಂದಲ್ಲ ನಾಳೆ ಕರುಳಿನ ಮಾತನ್ನು ಕೇಳುವ ಪಟ್ಟಿಗಳು ನಮ್ಮ ಜಿಲ್ಲೆಯ ಆಸ್ಪತ್ರೆಗಳಿಗೂ ಬರಲಿ, ಅಕಾಲ ಶಿಶುಗಳು ಅವುಗಳಿಂದ ಉಳಿಯಲಿ ಎಂದು ನಾವು ಹಾರೈಸುತ್ತೇವೆ. ಆದರೆ ಅವು ಬಂದ ಮೇಲೆಯೂ ಯಂತ್ರವು ಹೇಳಿದ್ದನ್ನು ಅರಿಯಬಲ್ಲ ತಾಯಿಯೊಬ್ಬಳು ಬೇಕು. ಅವಳ ಮಾತನ್ನು ಕೇಳುವ ಮನೆಯವರು ಬೇಕು. ಹೆಣ್ಣುಮಕ್ಕಳನ್ನು ಓದಿಸುವ ಮಾತಾಪಿತೃಗಳು ಮೊದಲನೆಯದನ್ನು ಮಾಡುತ್ತಿದ್ದಾರೆ. ಸೊಸೆಯಂದಿರನ್ನು ತಂದುಕೊಂಡವರು ಎರಡನೆಯದನ್ನು ಮಾಡಬೇಕೆಂದು ನಾವು ಕೈಮುಗಿದು ಬೇಡುತ್ತೇವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಈ ವರ್ಷ ಹುಟ್ಟುವ ಎಲ್ಲ ಕೂಸುಗಳನ್ನೂ ದೇವರು ಕಾಪಾಡಲಿ. ಅವುಗಳನ್ನು ನೋಡಿಕೊಳ್ಳುವ ಕಣ್ಣುಗಳಿಗೆ ಎಚ್ಚರವನ್ನು ಅನುಗ್ರಹಿಸಲಿ.